ಮೂರು, ಏಳು, ಒಂಬತ್ತನೆಯ ಕುಂಡ

ಕಗ್ಗದಾಸಪುರ, ಬೆಂಗಳೂರು
9-12-2004

ಪ್ರೀತಿಯ ಸುಜಾತವ್ವಾ,

ನಿನ್ನ ಆಯಿಯ ಆಶೀರ್ವಾದ. ಹೊಟ್ಟೆಯ ಉರಿ ಹೇಗಿದೆ? ಹೈದರಾಬಾದಿನ ಹಾಸ್ಟೆಲಿನವರು ಎಲ್ಲದಕ್ಕೂ ಹುಣಸೆಹುಳಿ ಸುರಿಯುತ್ತಾರೆಂದು ನೀನು ಬರೆದಿದ್ದೆ. ಮೊಸರು ತಿನ್ನು, ತಿನ್ನದಿದ್ದರೆ ಅನುಭವಿಸು. ನನ್ನ ಮೊಣಕಾಲುಗಳು ಮೊದಲಿದ್ದಂತೆಯೇ ಇವೆ. ದಿನಕ್ಕೆರಡು ಸಲ ತಾರಸಿ ಹತ್ತಿ ಇಳಿದರೆ ದೇವರೇ ಎದುರು ಬಂದರೂ ನಮಸ್ಕಾರ ಮಾಡುವ ಶಕ್ತಿ ಉಳಿಯುವುದಿಲ್ಲ. ನಾನು ಓದಿದ್ದು ನಾಲ್ಕನೆಯ ತರಗತಿ. ಅಕ್ಷರ ಹುಳ ಹರಿದಂತೆ ಕಂಡರೆ ನಗಬೇಡ. ನೀನು ಗಿಡದ ರೋಗದ ಹುಳ ನೋಡಿಯೇ ಡಾಕ್ಟರಾಗಲು ಹೊರಟವಳು.

ಕಾಲೇಜಿನ ಗಾಜಿನ ಮನೆ ರಿಪೇರಿಗೆ ಮುಚ್ಚಿತೆಂದು ನೀನು ನಿನ್ನ ಹನ್ನೊಂದು ಮೆಣಸಿನ ಗಿಡಗಳನ್ನು ಆಟೋದಲ್ಲಿ ತಂದು, ತಾರಸಿಯಲ್ಲಿ ಬಲೆ ಕಟ್ಟಿ ಇಟ್ಟೆ. ಸೂಜಿಯಿಲ್ಲದ ಸಿರಿಂಜಿನಿಂದ ಒಂದೊಂದು ಗಿಡದ ಎರಡೆರಡು ಎಲೆಗೆ ರೋಗಾಣುವಿನ ನೀರು ಇಳಿಸಿ, ಕೆಂಪು ದಾರ ಕಟ್ಟಿ, ಮಾರನೆಯ ದಿನ ಲ್ಯಾಬಿನ ಕೆಲಸಕ್ಕೆಂದು ಹೈದರಾಬಾದಿನ ರೈಲು ಹತ್ತಿದೆ. ನೀನು ಹೇಳಿದಂತೆ ನಾನು ಬುಡಕ್ಕೆ ಮಾತ್ರ ನೀರು ಹಾಕುತ್ತಿದ್ದೇನೆ. ಎಲೆಗೆ ಒಂದು ಹನಿ ಬಿದ್ದಿಲ್ಲ. ಮನೆ ಓನರ್ ಚಿಕ್ಕಮುನಿಯಪ್ಪ ಮೆಟ್ಟಿಲ ಕೆಳಗೆ ನಿಂತು, "ಏನಮ್ಮಾ, ನನ್ನ ಟ್ಯಾಂಕ್ ನೀರೆಲ್ಲ ಮೆಣಸಿನ್ ಗಿಡಕ್ಕೇನಾ?" ಅಂದ. "ನಿಮ್ ಮಾತಿಗಿಂತ ಗಿಡದ್ದೇ ಖಾರ ಕಡಿಮಿ ಅದರೀ" ಅಂದೆ. ಅಂದಿನಿಂದ ಆತ ಮಾತಾಡಿಸಿಲ್ಲ. ಅದೂ ಒಂದು ಪುಣ್ಯ.

ಹೊರಡುವ ದಿನ ನಾನು ರೊಟ್ಟಿ ಬಡಿಯುವಾಗ ನೀನು ಪಾಠ ಹೇಳಿದ್ದು ನೆನಪಿದೆ. ರೋಗಾಣು ಸೂಜಿಯಂಥ ನಳಿಕೆಯಿಂದ ತನ್ನ ಪ್ರೋಟೀನನ್ನು ಎಲೆಯ ಒಳಗೆ ಚುಚ್ಚುತ್ತದೆ, ಅದು ಹೋಗಿ ಗಿಡದ ಕಾವಲಿನ ಪ್ರೋಟೀನಿಗೆ ನೆಂಟನಂತೆ ಅಂಟಿಕೊಂಡು ಅದರ ಬಾಯಿ ಕಟ್ಟಿಬಿಡುತ್ತದೆ ಅಂದೆ. ಪ್ರೋಟೀನು ಬೇಳೆಯಲ್ಲಿರುವುದು ಎಂದಷ್ಟೇ ತಿಳಿದಿದ್ದ ನನಗೆ ಅದು ಕಳ್ಳತನಕ್ಕೂ ಹೋಗುತ್ತದೆಂದು ಆವತ್ತೇ ಗೊತ್ತಾದದ್ದು. ನೀನು ಇನ್ನೂ ಏನೋ ಹೇಳುತ್ತಿದ್ದೆ. "ಸಾಕ್ ಬಿಡವ್ವಾ, ರೊಟ್ಟಿ ಹೊತ್ತಲತ್ತದ" ಅಂದುಬಿಟ್ಟೆ.

ಉಳಿದದ್ದನ್ನು ನಿನ್ನ ಜೊತೆ ಓದುವ ಭೀಮಾಶಂಕರ ಹೇಳಿದ. ನೀನು ಹೋಗಿ ವಾರಕ್ಕೆ ಓನರ್ ಮನೆಗೆ ಫೋನು ಮಾಡಿ, "ಆಯೀ, ಎಷ್ಟು ಗಿಡಕ್ಕ ಒಣಾ ಮಚ್ಚಿ ಬಿದ್ದಾವ್ರಿ?" ಎಂದು ಕೇಳಿದ. ಮೂರಕ್ಕೆ ಅಂದೆ. ಅವನು ಕುಣಿದಾಡಿಬಿಟ್ಟ. ಆ ಗಿಡಗಳು ಒಳಹೊಕ್ಕ ಪ್ರೋಟೀನಿನ ಗುರುತು ಹಿಡಿದು, ಅಷ್ಟು ಜಾಗವನ್ನು ತಾವೇ ಸುಟ್ಟುಕೊಂಡು ರೋಗವನ್ನು ಅಲ್ಲಿಯೇ ನಿಲ್ಲಿಸಿವೆಯಂತೆ. ಹಸಿರಾಗಿ ನಗುತ್ತಿರುವವೇ ಮೋಸಹೋದವಂತೆ. ಅವನ ಮಾತು ನಿಜವಾಯಿತು: ಉಳಿದ ಎಂಟೂ ಈಗ ನೀರು ಕುಡಿದ ಕಾಗದದಂತಾಗಿ ಎಲೆ ಉದುರಿಸುತ್ತಿವೆ. ಫೋನು ಮಾಡಿದ ಮರು ಭಾನುವಾರ ಅವನೇ ಬಂದು ಮೂರನ್ನೂ ಬಲೆಯ ಹೊರಗಿನಿಂದ ನೋಡಿ, ನಂಬರು ಬರೆದುಕೊಂಡು ಹೋದ. ನೀನು ಮೂರು ವರ್ಷ ಹೂವಿಗೆ ಹೂವು ಕೂಡಿಸಿ ತಳಿ ಮಾಡಿದ್ದಕ್ಕೆ ಸಿಕ್ಕ ಫಲ ಈ ಮೂರೇ, ನೀನು ಸಂಕ್ರಾಂತಿಗೆ ಬಂದು ಇವುಗಳ ಬೀಜ ತೆಗೆದರೆ ಮಾರ್ಚಿಗೆ ನಿನ್ನ ಡಾಕ್ಟರ್ ಪದವಿಯ ಪುಸ್ತಕ ಮುಗಿಯುತ್ತದೆ ಅಂದ. ಸುದ್ದಿ ಕೇಳಿ ನೀನು ಫೋನಿನಲ್ಲಿ ಅತ್ತೆ. ಸಂತೋಷಕ್ಕೆ ಅಳುವವರನ್ನು ನಾನು ಹೆಚ್ಚು ನೋಡಿಲ್ಲ.

ಹನ್ನೊಂದು ಕುಂಡಗಳೂ ಇವೆ, ನಂಬರಿನ ಚೀಟಿಗಳೂ ಇವೆ. ನನಗೆ ಸುಸ್ತು, ಬೇರೇನಿಲ್ಲ. ತಲೆಗೆ ಎಣ್ಣೆ ಹಚ್ಚಿಕೋ. ನಿನ್ನ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸು. ಶರಣಬಸವೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಆಯಿ,
ಅಮೃತಮ್ಮ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಮೂರು, ಏಳು, ಒಂಬತ್ತನೆಯ ಕುಂಡದಲ್ಲಿರುವವು ನಿನ್ನ ಗಿಡಗಳಲ್ಲ. ಮಚ್ಚೆ ಕಂಡ ದಿನವೇ ನಿನ್ನವನ್ನು ಕಿತ್ತು ಕಸದ ಲಾರಿಗೆ ಹಾಕಿದೆ. ನಮ್ಮ ಹೊಲದಲ್ಲಿ ರೋಗದ ಗಿಡ ಕಿತ್ತೇ ಮಿಕ್ಕವನ್ನು ಉಳಿಸುತ್ತಿದ್ದೆವು. ಭೀಮಾಶಂಕರನ ಫೋನು ಬಂದ ಮೇಲೆ ಎದೆ ಒಡೆದು, ಹಲಸೂರಿನ ನರ್ಸರಿಗೆ ಬಸ್ಸಿನಲ್ಲಿ ಹೋಗಿ ಅಷ್ಟೇ ಎತ್ತರದ ಮೂರು ಮೆಣಸಿನ ಗಿಡ ತಂದು ಅದೇ ಕುಂಡಗಳಲ್ಲಿ ನೆಟ್ಟೆ. ನಿನ್ನ ಚೀಟಿ ಸಿಕ್ಕಿಸಿ, ಕೆಂಪು ದಾರ ಕಟ್ಟಿ, ಊದುಬತ್ತಿಯ ಕೆಂಡ ತಾಗಿಸಿ ಎಲೆಗೆ ಮಚ್ಚೆ ಮಾಡಿದೆ. ಆ ಹುಡುಗನಿಗೆ ಏನೂ ಗೊತ್ತಿಲ್ಲ, ಅವನನ್ನು ಬೈಯಬೇಡ. ಸುಮ್ಮನಿದ್ದುಬಿಡೋಣ ಎಂದುಕೊಂಡಿದ್ದೆ. ಆದರೆ ನಾಳೆ ಯಾರೋ ಹೆಣ್ಣುಮಗಳು ನಿನ್ನ ಮಾತು ನಂಬಿ ಈ ಬೀಜ ಬಿತ್ತುತ್ತಾಳೆ. ಈ ಕಾಗದವನ್ನು ಮೇಷ್ಟ್ರಿಗೆ ತೋರಿಸು, ತಪ್ಪು ನನ್ನದೆಂದು ಹೇಳು. ಆ ಮೂರರ ಬೀಜ ತೆಗೆಯಬೇಡ. ನನ್ನನ್ನು ಬೈಯುವುದಿದ್ದರೆ ಬಂದು ಬೈ, ಫೋನಿನಲ್ಲಿ ಬೇಡ. ಚಿಕ್ಕಮುನಿಯಪ್ಪನ ಹೆಂಡತಿ ಪಕ್ಕದಲ್ಲೇ ನಿಂತಿರುತ್ತಾಳೆ.