ಅಪ್ಪನ ಹೆಸರಿನ ಬೋರ್ಡಿಗೆ ಬಿದ್ದ ಬೀಗ

ಚಿಕ್ಕಬಾವಿಹಾಳ, ಯಲಬುರ್ಗಾ ತಾಲೂಕು
೨೪ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ತಮ್ಮ ಕೊಟ್ರೇಶಾ,

ಹೇಗಿದ್ದೀ? ಗಿರಣಿಯ ತೌಡಿನ ಧೂಳಿಗೆ ಹಿಡಿದ ಕೆಮ್ಮು ಈಗಲಾದರೂ ಕಡಿಮೆಯಾಯಿತೇ? ಭವಾನಿ ಕೊಡುವ ಕಷಾಯವನ್ನು ಮುಖ ಕಿವುಚದೆ ಕುಡಿ. ಹೆಂಡತಿಯ ಮಾತು ಕೇಳಿದರೆ ನಿನ್ನ ಸಾಹುಕಾರಿಕೆಯೇನೂ ಸವೆಯುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ನೋಯುತ್ತದೆ, ಆದರೆ ಈ ವಾರ ಸಿಟ್ಟಿನಲ್ಲಿ ಅದರ ನೆನಪೂ ಬಂದಿಲ್ಲ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಕಾರಟಗಿಯ ಆ ಗಿರಣಿಯ ಸದ್ದಿನಲ್ಲಿ ನೀನು “ಹೂನಕ್ಕಾ, ಆತಕ್ಕಾ” ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ ಹಿಡಿದೆ. ಕೂತು ಪೂರ್ತಿ ಓದು.

ಜೂನ್ ತಿಂಗಳಲ್ಲಿ ನೀನು ನಮ್ಮೂರ ಶಾಲೆಗೆ ಅಪ್ಪನ ಹೆಸರಿನಲ್ಲಿ ಸ್ಮಾರ್ಟ್ ಬೋರ್ಡ್ ಕೊಟ್ಟೆಯಲ್ಲ, ಅದರಲ್ಲಿ ಇವತ್ತಿನವರೆಗೆ ಒಂದೇ ಒಂದು ಪಾಠ ನಡೆದಿಲ್ಲ. ಹೌದು, ಒಂದೂ ಇಲ್ಲ! ಅಂದು ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಫೋಟೋಕ್ಕೆ ನಿಂತು ನೀನು ಹೇಳಿದ ಮಾತು ನೆನಪಿದೆಯೇ? “ಅಪ್ಪನ ಹೆಸರಿನ ವಸ್ತು ಐತ್ರಿ, ಜ್ವಾಕಿ ಮಾಡ್ರಿ.” ಅವರು ಜೋಪಾನ ಮಾಡಿದ್ದು ಹೀಗೆ: ಬೋರ್ಡಿನ ಸುತ್ತ ಕಬ್ಬಿಣದ ಕಪಾಟು, ಅದಕ್ಕೆ ಬೀಗ, ಬೀಗದ ಕೈ ಹೆಡ್‌ಮಾಸ್ತರರ ಉಡಿದಾರದಲ್ಲಿ. ಅದನ್ನು ಕೂರಿಸಲು ಏಳನೆಯ ತರಗತಿಯ ಗೋಡೆಯಲ್ಲಿದ್ದ ಕರಿಹಲಗೆಯನ್ನು ಉಳಿಯಿಂದ ಕೆತ್ತಿ ತೆಗೆದರು. ಈಗ ಮಕ್ಕಳಿಗೆ ಹೊಸ ಬೋರ್ಡೂ ಇಲ್ಲ, ಹಳೆಯ ಹಲಗೆಯೂ ಇಲ್ಲ. ಲೆಕ್ಕವನ್ನೂ ಬಾಯಲ್ಲೇ ಹೇಳಿ ಬರೆಸುತ್ತಾರೆ.

ಆ ಹಲಗೆ ಯಾವುದೆಂದು ನಿನಗೆ ನಾನು ಹೇಳಬೇಕೇ? ಅಂದಪ್ಪ ಮಾಸ್ತರರ ಮಕ್ಕಳಲ್ಲವೇ ನಾವು. ಶಾಲೆ ಶುರುವಾಗುವ ಮುಂಚೆ ಅಪ್ಪ ಅವ್ವನ ಒರಳಿನಲ್ಲಿ ಇದ್ದಿಲು ಅರೆದು, ಸೊಪ್ಪಿನ ರಸ ಕಲಸುತ್ತಿದ್ದ. ಅವ್ವ ಖಾರ ಅರೆಯುವ ಗುಂಡುಕಲ್ಲು ಕರಿ ಮಾಡಿದನೆಂದು ದಿನವೆಲ್ಲ ಬೈಯುತ್ತಿದ್ದಳು. ಆಮೇಲೆ ಊರಿನ ಅಷ್ಟೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಅಂಗೈಯಿಂದಲೂ ಆ ಕರಿಯನ್ನು ಹಲಗೆಗೆ ಹಚ್ಚಿಸುತ್ತಿದ್ದ. “ಎಲ್ಲಾರೂ ಮುಟ್ರಿ, ಇದು ನಿಮ್ಮದ ಐತಿ” ಎನ್ನುತ್ತಿದ್ದ. ನೀನು ಅದೇ ಕೈಯನ್ನು ಹೊಸ ಅಂಗಿಗೆ ಒರೆಸಿಕೊಂಡು ಏಟು ತಿಂದದ್ದು ನನಗಿನ್ನೂ ನೆನಪಿದೆ.

ಈಗ ಬೀಗ ತೆಗೆಯುವುದು ಅಮಾವಾಸ್ಯೆಗೆ ಮಾತ್ರ. ಬೋರ್ಡಿಗೆ ವಿಭೂತಿ, ಹೂವು, ಊದಿನಕಡ್ಡಿ, ಕಾಯಿ. ಹತ್ತು ನಿಮಿಷ ಚಾಲೂ ಮಾಡಿ ಮತ್ತೆ ಬೀಗ. ಮೊನ್ನೆ ಗುರುವಾರ ಪೂಜೆಯ ಹೊತ್ತಿಗೆ ಮನುಷ್ಯನ ಹೃದಯದ ಚಿತ್ರ ಬಡಿದುಕೊಳ್ಳುತ್ತಿತ್ತಂತೆ. ಮಕ್ಕಳು ಚಪ್ಪಲಿ ಬಿಟ್ಟು, ರಂಗೋಲಿಯ ಆಚೆ ಕೈಮುಗಿದು ನಿಂತಿದ್ದರು. ನನ್ನ ಮೊಮ್ಮಗಳು ಅಂಜಲಿಯ ಸ್ವಭಾವ ನಿನಗೆ ಗೊತ್ತು. “ಸರ್, ಒಳಗಿಂದೂ ತೋರಿಸ್ತೈತೇನ್ರಿ?” ಎಂದು ಕೇಳುತ್ತ ರಂಗೋಲಿ ದಾಟಿ ಬೆರಳಿಟ್ಟುಬಿಟ್ಟಳು. ಹೃದಯ ಎರಡು ಹೋಳಾಗಿ ತೆರೆದುಕೊಂಡು ಒಳಗೆ ರಕ್ತ ಹರಿಯುವುದು ಕಾಣಿಸಿತಂತೆ, ಮಕ್ಕಳೆಲ್ಲ ಹೋ ಎಂದರಂತೆ. ಅಷ್ಟೇ ಅವಳ ತಪ್ಪು. “ಪೂಜಿ ಮಾಡಿದ್ದನ್ನ ಮುಟ್ತಿಯೇನ?” ಎಂದು ಹೆಡ್‌ಮಾಸ್ತರ ಗಾದಿಲಿಂಗಪ್ಪನವರು ಹೊರಗೆ ಕಳಿಸಿದರು. ಶುಕ್ರವಾರದಿಂದ ಹುಡುಗಿ ಬೇವಿನ ಗಿಡದ ಕೆಳಗೆ ಕೂತಿದ್ದಾಳೆ. ಮನೆಯವರು ತಪ್ಪೊಪ್ಪಿಗೆ ಬರೆದು ಸಹಿ ಹಾಕುವವರೆಗೆ ಒಳಗೆ ಬಿಡುವುದಿಲ್ಲವಂತೆ. ಅಂದಪ್ಪ ಮಾಸ್ತರರ ಮರಿಮೊಮ್ಮಗಳು, ಅಂದಪ್ಪ ಮಾಸ್ತರರ ಹೆಸರಿನ ಬೋರ್ಡು ಮುಟ್ಟಿದ್ದಕ್ಕೆ! ನಿನ್ನೆ ಅವಳು ನನ್ನನ್ನು ಕೇಳಿದಳು, “ಅಜ್ಜೀ, ನಾ ಸಾಲಿ ಬಿಡ್ಲೇನು?”

ಇವತ್ತು ನಾನೇ ಹೋಗಿ ಕೇಳಿದೆ. ಗಾದಿಲಿಂಗಪ್ಪನವರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ಚಹಾ ಕೊಟ್ಟರು. “ಅಕ್ಕಾರ, ಕೊಟ್ರೇಶಣ್ಣಾರ ಹೇಳ್ಯಾರಲ್ರಿ ಜ್ವಾಕಿ ಮಾಡ್ರಿ ಅಂತ. ಹುಡುಗ್ರು ಕೆಡಿಸಿದ್ರ ಅವರಿಗೆ ಏನಂತ ಹೇಳೂನ್ರಿ? ಅವರ ಗಿರಣ್ಯಾಗೂ ಅಮಾಸಿಗೆ ಪೂಜಿ ಆಗತೈತಲ್ರಿ” ಎಂದರು. ನಿನ್ನ ಗಿರಣಿಯಲ್ಲಿ ಪೂಜೆ ಮುಗಿದ ಮೇಲೆ ಯಂತ್ರ ಓಡುತ್ತದೆ, ಅಕ್ಕಿ ಬರುತ್ತದೆ ಎಂದೆ. ಅವರು ನಕ್ಕು, ತಪ್ಪೊಪ್ಪಿಗೆಯ ಹಾಳೆ ಮುಂದಿಟ್ಟರು. ನಾಳೆ ಬರುತ್ತೇನೆಂದು ಎದ್ದು ಬಂದೆ. ಅವರ ಮೇಲೆ ಅರ್ಧ ಸಿಟ್ಟು, ಉಳಿದರ್ಧ ನಿನ್ನ ಮೇಲೆಯೇ. ಕೊಟ್ಟವನು ಐದು ತಿಂಗಳಲ್ಲಿ ಒಂದು ಸಲವಾದರೂ, ಮಕ್ಕಳು ಏನು ಕಲಿತರು ಎಂದು ಕೇಳಬೇಡವೇ?

ಭವಾನಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಬೈದಿದ್ದೇನೆಂದು ಊಟ ಬಿಡಬೇಡ. ದೇವರು ನಿನ್ನ ಗಿರಣಿಯನ್ನೂ ನಿನ್ನ ಎದೆಯನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಕಳಕಮ್ಮ

ತಾ.ಕ.: ಮಂಗಳವಾರ ಮಧ್ಯಾಹ್ನ. ಪಕ್ಕದ ಮನೆಯ ಗಾಳೇಶ ಕಾರಟಗಿಗೆ ಹೊರಟು ಬಾಗಿಲಲ್ಲೇ ನಿಂತಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬೆಳಿಗ್ಗೆ ಸಹಿ ಮಾಡಲು ಹೋದಾಗ ಕೈಚೀಲದಲ್ಲಿ ಅವ್ವನ ಗುಂಡುಕಲ್ಲು ಒಯ್ದಿದ್ದೆ. ಮೂರು ಏಟಿಗೆ ಬೀಗ ಒಡೆದು ಬಿತ್ತು. ಸಹಿ ಮಾಡಿಲ್ಲ. ಅಂಜಲಿ ಒಳಗಿದ್ದಾಳೆ, ಇಡೀ ತರಗತಿಯ ಬೆರಳಚ್ಚು ಬೋರ್ಡಿನ ಮೇಲಿದೆ. ಸಂಜೆ ಹೆಡ್‌ಮಾಸ್ತರರು ನಿನಗೆ ಫೋನ್ ಮಾಡುತ್ತಾರೆ, ಪೊಲೀಸರಿಗೆ ದೂರು ಕೊಡಲೇ ಎಂದು ಕೇಳುತ್ತಾರೆ. ಗಿರಣಿ ನಿಲ್ಲಿಸಿ ಮಾತಾಡು. ಅಪ್ಪ ಹಲಗೆಯ ಮುಂದೆ ಹೇಳುತ್ತಿದ್ದ ಆ ಒಂದು ಮಾತು ಹೇಳು, ಸಾಕು. ಮರೆತಿದ್ದರೆ ಮೇಲೆ ಬರೆದಿದ್ದೇನೆ.