ಮೇಜಿನ ಮೇಲಿನ ರಾಕೆಟ್ ಚೂರು

ಮಾವನವರಿಗೆ,

ನಿಮ್ಮ ಚೀಟಿ ತಲುಪಿತು. ಉಪಗ್ರಹದ ಕಂಪನಿಯೊಂದು ಕಕ್ಷಿದಾರನಾಗಿ ಬಂದಿದೆಯಂತೆ; ಕಚೇರಿಯ ಬೋರ್ಡಿನಲ್ಲಿ ‘ಬಾಹ್ಯಾಕಾಶ ಕಾನೂನು ತಜ್ಞೆ’ ಎಂದು ನನ್ನ ಹೆಸರನ್ನೂ ಬರೆಸುತ್ತೀರಂತೆ. ದಯವಿಟ್ಟು ಬೇಡ.

ಎರಡು ವರ್ಷದ ಹಿಂದೆ ಆ ದರ್ಜಿ ಬಂದಿದ್ದರು. ಪರದೇಶದ ರಾಕೆಟ್ಟಿನ ಚೂರೊಂದು ಅಂಗಡಿಯ ತಗಡು ಸೀಳಿಕೊಂಡು ಬಿದ್ದು ಅವರ ಬಲಗೈಯನ್ನು ಜಜ್ಜಿಹಾಕಿತ್ತು. ನಮ್ಮ ಸರ್ಕಾರದ ಮೂಲಕ ಆ ದೇಶದಿಂದ ಪರಿಹಾರ ಕೇಳಬಹುದು, ಆದರೆ ವರ್ಷದೊಳಗೇ ಕೇಳಬೇಕು ಎಂದು ನಿಮಗೆ ಹೇಳಿ, ಅರ್ಜಿ ಬರೆದು ಮುಂದಿಟ್ಟೆ. ನಿಮ್ಮ ಸಹಿಯಿಲ್ಲದೆ ನಮ್ಮ ಕಚೇರಿಯಿಂದ ಒಂದು ಕಾಗದವೂ ಹೊರಡುವುದಿಲ್ಲವಲ್ಲ.

“ಆಕಾಶದ ಮೇಲೆ ದಾವೆ ಹಾಕ್ತೀಯೇನಮ್ಮಾ?” ಅಂದಿರಿ. ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಿಂಗಳು ತಿಂಗಳೂ ನೆನಪಿಸಿದೆ. “ನೋಡೋಣ” ಅಂದಿರಿ. ಹದಿಮೂರನೆಯ ತಿಂಗಳು ಸಹಿ ಹಾಕಿದಿರಿ. ಅವಧಿ ಮೀರಿದೆಯೆಂದು ಅರ್ಜಿ ವಾಪಸು ಬಂತು.

“ಕಾನೂನಿನಲ್ಲಿ ದಾರಿಯೇ ಇಲ್ಲಪ್ಪ” ಎಂದು ನೀವು ದರ್ಜಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ.

ಸಾಕ್ಷಿಗೆಂದು ಅವರು ಕೊಟ್ಟ ಚೂರನ್ನು ನೀವು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದೀರಿ. ಅದನ್ನೂ ಫೈಲನ್ನೂ ಈ ಪತ್ರ ತಂದವರಿಗೆ ಕೊಡಿ. ಎಡಗೈಗೆ ಕೊಡಿ, ತಂದಿರುವುದು ಆ ದರ್ಜಿಯೇ.

ನಡೆದದ್ದೆಲ್ಲ ಅವರಿಗೆ ಹೇಳಿದ್ದೇನೆ. ನಿಮ್ಮ ಮೇಲೂ ನನ್ನ ಮೇಲೂ ವಕೀಲರ ಪರಿಷತ್ತಿಗೆ ದೂರು ಬರೆದುಕೊಟ್ಟಿದ್ದೇನೆ. ಅದರ ಪ್ರತಿ ಇದರೊಂದಿಗಿದೆ. ತಲುಪಿತೆಂದು ಸಹಿ ಹಾಕಿ ಕೊಡಿ.

ಈ ಸಲವಾದರೂ ಇವತ್ತೇ ಹಾಕಿ.

ಇಂತಿ,
ನಿಮ್ಮ ಕೈಕೆಳಗೆ ವಕೀಲಿ ಕಲಿತ ಸೊಸೆ