ಪ್ರಿಂಟ್ ಒತ್ತಿದರೆ ಸಾಹೇಬರ ಪಕ್ಕದಲ್ಲೇ ಹಾಳೆ

೨೨ ಜನವರಿ ೨೦೨೫, ಬುಧವಾರ

ಎಂಟೂ ಹನ್ನೆರಡರ ಸ್ಲೋ ಲೋಕಲ್ ರೈಲು. ಘಾಟ್ಕೋಪರಿನಲ್ಲೇ ಸೀಟು ಸಿಕ್ಕಿತು. ಬೈಕುಲ್ಲಾ ಬರುವಷ್ಟರಲ್ಲಿ ಫೋನಿನಲ್ಲಿ ಕೊನೆಯ ಸಾಲು ಟೈಪ್ ಮಾಡಿದೆ. ಮುಗಿಯಿತು ನಾಟಕ. ಎರಡು ವರ್ಷ, ಹೋಗುತ್ತ ಬರುತ್ತ ಬರೆದದ್ದು. 'ಸಾಹೇಬರ ಕುರ್ಚಿ'. ಯಾವ ಸಾಹೇಬ ಎಂದರೆ ಆಫೀಸಿನ ಗೋಡೆಯೂ ಹೇಳೀತು — ನಮ್ಮ ಮ್ಯಾನೇಜರ್ ಶಶಿಕಾಂತ.

ಒಂದೇ ತಪ್ಪು. ಬರೆದದ್ದು ಆಫೀಸಿನ ಅಕೌಂಟಿನಲ್ಲಿ, ಆನ್‌ಲೈನ್. ಮೂವತ್ತೊಂದಕ್ಕೆ ನಾನು ರಿಟೈರ್. ಅಂದು ಸಂಜೆಯೇ ಅಕೌಂಟ್ ಬಂದ್. ಇಲ್ಲಿನ ಕನ್ನಡ ಸಂಘದ ನಾಟಕ ಸ್ಪರ್ಧೆಗೂ ಅದೇ ಕೊನೆಯ ದಿನ.

೨೫ ಜನವರಿ, ಶನಿವಾರ, ಮಧ್ಯಾಹ್ನ

ಎಪ್ಪತ್ತೊಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಸಂಘದ ಕಾರ್ಯದರ್ಶಿ ಚೆನ್ನಯರ ಫೋನು. "ಎಂಥದು ಮಾರಾಯ್ರೆ ಇದು, ಶಿವಪುತ್ರಪ್ಪನವರೇ? ಪುಟ ಎಲ್ಲ ಹಿಂದೆಮುಂದೆ, ಸತ್ತವ ಮುಂದಿನ ಫೋಟೋದಲ್ಲಿ ಚಾ ಕುಡಿತಾನೆ. ಪಿಡಿಎಫ್ ಮಾಡಿ. ಮೂರು ಚುಕ್ಕೆ, ಶೇರ್, ಪ್ರಿಂಟ್. ಅಷ್ಟೇ."

ಪ್ರಿಂಟ್ ಅಂತೆ. ಅಕೌಂಟ್ ಆಫೀಸಿನದು, ಒತ್ತಿದರೆ ಹಾಳೆ ಬೀಳುವುದು ಶಶಿಕಾಂತರ ಪಕ್ಕದ ಮಶೀನಿನಲ್ಲಿ. ಅವರಿಗೆ ಕನ್ನಡ ಬಾರದು, ಸರಿ. ಅಕೌಂಟ್ಸಿನ ಸೋಮನಾಥನಿಗೆ ಬರುತ್ತದಲ್ಲ. ಓದಿ ಹೇಳದೆ ಬಿಡುವ ಆಸಾಮಿಯಲ್ಲ. ಇವತ್ತು ಮಶೀನ್ ಆಫ್... ಸೋಮವಾರ ಆನ್ ಮಾಡಿದ ಕೂಡಲೇ ಉಗುಳಿದರೆ?

ಹೆಂಡತಿಗೆ ಹೇಳಿದೆ. "ಹೆದರಿ ಹೆದರಿ ಮೂವತ್ತು ವರ್ಷ ಕಳದ್ರಿ," ಅಂದಳು ದಾನವ್ವ. "ಇನ್ನ ಆರು ದಿನ. ಏನ್ ಮಾಡ್ತಾನ ಅಂವಾ?" ಸಿಟ್ಟು ಬಂತು. ನಿಜ ಹೇಳಿದಳೆಂದೇ ಬಂತು.

೩೧ ಜನವರಿ, ರಾತ್ರಿ ೮

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಹಾಳೆ ಬಂದ ಹಾಗೆ ಚೀಲಕ್ಕೆ ತುಂಬುವುದೆಂದು ಪ್ರಿಂಟರಿನ ಮುಂದೆ ಕೈಯೊಡ್ಡಿ ನಿಂತೆ. ಪ್ರಿಂಟ್ ಒತ್ತಿದೆ. ಮಶೀನ್ ಸುಮ್ಮನೆ. ಇಪ್ಪತ್ತು ನಿಮಿಷ ನಿಂತೆ.

"ಕ್ಯಾ ಹುವಾ, ಶಿವಪುತ್ರಜೀ?" ಹಿಂದೆ ಶಶಿಕಾಂತ. ಫೋನ್ ಕೈಯಿಂದ ತೆಗೆದುಕೊಂಡೇ ಬಿಟ್ಟರು. "ಊಪರ್ ಲಿಖಾ ಹೈ ನಾ — ಸೇವ್ ಆ್ಯಸ್ ಪಿಡಿಎಫ್. ಕಾಗಜ್ ನಹೀ ನಿಕಲೇಗಾ." ಹಾಳೆ ಬರುವುದೇ ಇಲ್ಲವಂತೆ; ಪಕ್ಕದ ದುಂಡು ಗುರುತನ್ನು ಅವರೇ ಒತ್ತಿದರು. ಡೌನ್‌ಲೋಡ್ಸ್‌ನಲ್ಲಿ ತೆರೆದು ತೋರಿಸಿದರು. ನಲವತ್ತಾರು ಪುಟ.

ಏನಿದು ಎಂದರು. ನಾಟಕ ಎಂದೆ. ಮೂವತ್ತು ವರ್ಷ ಎದುರುಬದುರು ಕೂತರೂ ಬರೆಯುತ್ತೀರೆಂದು ಹೇಳಲಿಲ್ಲವಲ್ಲ ಎಂದರು. ಬೇಜಾರು ಮಾಡಿಕೊಂಡಿದ್ದರು. ಆ ಮುಖ ನನ್ನ ನಾಟಕದಲ್ಲಿಲ್ಲ. ನಾಚಿಕೆಯಾಯಿತು.

ಹತ್ತೂವರೆಗೆ ಚೆನ್ನಯರಿಗೆ ಕಳಿಸಿದೆ. ಒಂದೇ ಫೈಲು. ಈಗ ಅಕೌಂಟ್ ತೆರೆಯುತ್ತಿಲ್ಲ. ಪಿಡಿಎಫ್ ತೆರೆಯುತ್ತದೆ — ಮೂರು ಸಲ ನೋಡಿದೆ.

೨೩ ಫೆಬ್ರವರಿ, ಭಾನುವಾರ

ಆಯ್ಕೆಯಾಯಿತು. ಏಪ್ರಿಲಿನಲ್ಲಿ ಸಾಂತಾಕ್ರೂಜಿನ ಹಾಲ್‌ನಲ್ಲಿ ಪ್ರಯೋಗ. ದಾನವ್ವ ಶಿರಾ ಮಾಡಿದಳು. ಖುಷಿ ತಡೆಯಲಾಗದೆ ಎರಡು ಸಲ ಬಡಿಸಿಕೊಂಡೆ.

ಸಂಜೆ ಶಶಿಕಾಂತರ ಫೋನು; ಸುದ್ದಿ ನಾನೇ ಕಳಿಸಿದ್ದೆ. ಹೆಂಡತಿಯ ಜೊತೆ ಬರುತ್ತಾರಂತೆ. "ಕಹಾನೀ ಕಿಸ್ ಕೀ ಹೈ?" ಕಥೆ ಯಾರದು ಎಂದರು.

ನಿಮ್ಮದೇ ಎಂದು ಹೇಳಿಬಿಟ್ಟೆ. "ಆಪ್ ಕೀ, ಸಾಹೇಬ್."

ದಾನವ್ವ ಸೌಟು ಹಿಡಿದು ನಿಂತುಬಿಟ್ಟಿದ್ದಳು. ಆಮೇಲೆ ಶಶಿಕಾಂತರು ನಿಧಾನವಾಗಿ, "ಫಿರ್ ತೋ ಪೆಹಲೀ ಲೈನ್ ಮೇ ಬೈಠೂಂಗಾ." ಹಾಗಾದರೆ ಮೊದಲ ಸಾಲಿನಲ್ಲೇ ಕೂರುತ್ತಾರಂತೆ.

ಚೆನ್ನಯರು ತಾಲೀಮಿನವರೆಗೆ ತಿದ್ದಬಹುದು ಎಂದಿದ್ದಾರೆ. ಈಗಲೇ ಕೂತಿದ್ದೇನೆ. ಎರಡನೇ ಅಂಕ, ಸಾಹೇಬರು ಗುಮಾಸ್ತನ ಫೋನ್ ಕೈಗೆ ತೆಗೆದುಕೊಂಡು —